ಗೌರಕ್ಕನ ಜೇಬಿಗೆ ನಾನು ಹಾಕಿದ ಬೆಲ್ಲ

ಕದ್ದವಳು ನಾನು. ಗೌರಕ್ಕ ಅಲ್ಲ.

ಚನ್ನಪಟ್ಟಣದ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳು ಕೊಟ್ಟ ದುಡ್ಡನ್ನು ಸ್ವಲ್ಪ ಸ್ವಲ್ಪವೇ ನನ್ನ ಬ್ಯಾಗಿಗೆ ಇಳಿಸಿಕೊಂಡವಳು ನಾನು. ಬರೀ ಅಷ್ಟೇ ಆಗಿದ್ದರೆ ಬಾಯಿ ಬಿಡಲು ಇಷ್ಟು ವರ್ಷ ಬೇಕಾಗುತ್ತಿರಲಿಲ್ಲವೇನೋ. ಕದ್ದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಆ ಕಳ್ಳತನವನ್ನು ಇನ್ನೊಬ್ಬಳ ತಲೆಗೆ ಕಟ್ಟಿದೆ. ಕಟ್ಟುವುದಕ್ಕೆ ಪೊಲೀಸರನ್ನಲ್ಲ, ಸುಳ್ಳು ಸಾಕ್ಷಿಯನ್ನಲ್ಲ — ದೇವರನ್ನು ಬಳಸಿಕೊಂಡೆ. ಅದನ್ನು ಹೇಳಬೇಕೆಂದು ಎಷ್ಟು ಸಲ ಕೂತೆನೋ, ಅಷ್ಟೂ ಸಲ ಎದ್ದು ಅಡುಗೆಮನೆಗೆ ಹೋದೆ. ಇವತ್ತು ಏಳುವುದಿಲ್ಲ.

ನನ್ನ ಹೆಸರು ಸವಿತಾ. ಆಗ ಕ್ಲಿನಿಕ್ಕಿನ ಮುಂಭಾಗದ ಮೇಜು ನನ್ನದು. ಹೆಸರು ಬರೆದುಕೊಳ್ಳುವುದು, ಸರದಿ ಕರೆಯುವುದು, ದುಡ್ಡು ತೆಗೆದುಕೊಳ್ಳುವುದು, ರಸೀದಿ ಕೊಡುವುದು, ಸಂಜೆ ಲೆಕ್ಕ ಒಪ್ಪಿಸುವುದು — ಎಲ್ಲವೂ ನಾನೇ. ಎಲ್ಲವನ್ನೂ ಒಬ್ಬಳೇ ಮಾಡುತ್ತಿದ್ದೆ ಎಂಬುದೇ ದೊಡ್ಡ ತಪ್ಪು ಅಂತ ಈಗ ಬೇರೆಯವರಿಗೆ ಪಾಠ ಹೇಳುತ್ತೇನೆ. ಆಗ ಅದನ್ನು ನನ್ನ ನಿಷ್ಠೆ ಅಂತ ಹೊಗಳುತ್ತಿದ್ದರು. ನಾನು ರಜೆಯನ್ನೇ ಹಾಕುತ್ತಿರಲಿಲ್ಲ. ಜ್ವರ ಬಂದರೂ ಹೋಗುತ್ತಿದ್ದೆ. ನಾನಿಲ್ಲದ ದಿನ ಆ ಮೇಜಿನ ಹಿಂದೆ ಬೇರೆ ಯಾರಾದರೂ ಕೂತರೆ — ಕೂರಬಾರದಿತ್ತು, ಅಷ್ಟೇ. ಡಾಕ್ಟರು ಬಂದವರಿಗೆಲ್ಲ, "ಸವಿತಾ ಇಲ್ದಿದ್ರೆ ನಂಗೆ ಕೈ ಕಟ್ಟಾಕ್ದಂಗೆ" ಅನ್ನುತ್ತಿದ್ದರು.

ಡಾಕ್ಟರು ಒಳ್ಳೆಯವರು. ಹತ್ತಿರದ ಹಳ್ಳಿಯ ಒಕ್ಕಲು ಮನೆತನ. ಓದಿ ಬಂದು ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಕ್ಲಿನಿಕ್ಕು ಇಟ್ಟಿದ್ದರು. ಬರುವವರಲ್ಲಿ ಅರ್ಧಕ್ಕರ್ಧ ಅವರ ಊರಿನವರು, ನೆಂಟರು, ನೆಂಟರ ನೆಂಟರು. ಅವರ ಹತ್ತಿರ ಬಾಯಿಬಿಟ್ಟು ದುಡ್ಡು ಕೇಳುವುದೆಂದರೆ ಡಾಕ್ಟರಿಗೆ ಎಲ್ಲಿಲ್ಲದ ಸಂಕೋಚ. ಹಲ್ಲಿನ ಬೇರು ಶುದ್ಧ ಮಾಡಿ, ಮೇಲೆ ಕ್ಯಾಪು ಕೂರಿಸಿ, ಕೈ ತೊಳೆಯುತ್ತಾ ಬಾಗಿಲಲ್ಲಿ ತಲೆ ಹಾಕಿ ಒಂದು ಮಾತು ಹೇಳುತ್ತಿದ್ದರು: "ಸವಿತಾ, ನಮ್ಮೋರೇ ಕಣಮ್ಮ. ಒಸಿ ನೋಡ್ಕೊಂಡು ತಗೋ."

ಆ "ಒಸಿ" ಎಷ್ಟು? ಅವರು ಹೇಳುತ್ತಿರಲಿಲ್ಲ. ಆಮೇಲೆ ಕೇಳುತ್ತಲೂ ಇರಲಿಲ್ಲ. ರೋಗಿಗೆ ನಾನು ನೂರೋ ಇನ್ನೂರೋ ಬಿಡುತ್ತಿದ್ದೆ; ಡಾಕ್ಟರು ದೊಡ್ಡ ಮನಸ್ಸು ಮಾಡಿದರು ಅಂತ ಅವರು ಕೈ ಮುಗಿದು ಹೋಗುತ್ತಿದ್ದರು. ಸಂಜೆ ಡಾಕ್ಟರಿಗೆ ಒಪ್ಪಿಸುವಾಗ ಬಿಟ್ಟಿದ್ದು ಸಾವಿರವೋ ಎರಡು ಸಾವಿರವೋ ಆಗಿರುತ್ತಿತ್ತು. ಎರಡರ ನಡುವಿನದು ನನ್ನದು. ಕೊಟ್ಟವರಿಗೂ ತೃಪ್ತಿ, ಬಿಟ್ಟವರಿಗೂ ಪುಣ್ಯ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ಹೊಲದವರು ಬೇಲಿ ಎಷ್ಟು ಗಟ್ಟಿ ಅಂತ ಮೆಚ್ಚುತ್ತಿದ್ದರು.

ನನಗೆ ಕಷ್ಟವಿತ್ತಾ? ಇರಲಿಲ್ಲ. ಗಂಡ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ಸಂಬಳ ತಪ್ಪುತ್ತಿರಲಿಲ್ಲ. ಆ ದುಡ್ಡಿನಿಂದ ನಾನು ಮಾಡಿದ್ದೇನು ಅಂತ ಹೇಳಿದರೆ ನಗುತ್ತೀರಿ: ಮದುವೆಗಳಲ್ಲಿ ಮುಯ್ಯಿ ಹಾಕಿದೆ. ಓರಗಿತ್ತಿಯರು ಐನೂರು ಹಾಕುವ ಕಡೆ ನಾನು ಎರಡು ಸಾವಿರ ಹಾಕುತ್ತಿದ್ದೆ. "ಸವಿತನ ಕೈ ದೊಡ್ಡದು ಕಣವ್ವ" ಅನ್ನುವುದನ್ನು ಕೇಳುವುದಕ್ಕೆ ಕದ್ದೆ. ಹಸಿದು ಕದ್ದವಳಾಗಿದ್ದರೆ ನನ್ನ ಮೇಲೆ ನನಗೆ ಇಷ್ಟು ಅಸಹ್ಯ ಇರುತ್ತಿರಲಿಲ್ಲ.

ಗೌರಕ್ಕ ಒಳಗಿನ ಕೆಲಸದವಳು. ಬಾಗಿಲಿನದೂ ಡ್ರಾಯರಿನದೂ ಇನ್ನೊಂದು ಜೊತೆ ಕೀ ಇಟ್ಟುಕೊಂಡು ಬೆಳಿಗ್ಗೆ ಬಾಗಿಲು ತೆಗೆಯುವುದು, ಇಕ್ಕಳ ಸೂಜಿಗಳನ್ನೆಲ್ಲ ತೊಳೆದು ಬೇಯಿಸಿಡುವುದು, ಡಾಕ್ಟರ ಪಕ್ಕ ನಿಂತು ಕೇಳಿದ್ದು ಕೊಡುವುದು. ಹಲ್ಲು ಕೀಳುವಾಗ ಹೆದರಿದವರ ಕೈ ಹಿಡಿದುಕೊಂಡು, "ಕಣ್ ಮುಚ್ಕೋ ಮಗ, ಸೊಳ್ಳೆ ಕಚ್ದಂಗೆ, ಆಯ್ತು ಆಯ್ತು" ಅನ್ನುತ್ತಿದ್ದಳು. ಎಪ್ಪತ್ತು ವರ್ಷದ ಮುದುಕರಿಗೂ ಅವಳು "ಮಗ" ಅಂತಲೇ ಅನ್ನುತ್ತಿದ್ದಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು ಚೈತ್ರ, ಆಗಿನ್ನೂ ಪ್ರೈಮರಿ ಸ್ಕೂಲು. ಊರು ಕೆಂಗಲ್ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿ. ಆ ಊರಿನ ಹೆಂಗಸರ ಸಂಘದ ಉಳಿತಾಯದ ಪೆಟ್ಟಿಗೆ ಅವಳ ಮನೆಯಲ್ಲೇ ಇರುತ್ತಿತ್ತು. ಊರು ಅವಳನ್ನು ಎಷ್ಟು ನಂಬಿತ್ತು ಅಂತ ಹೇಳುವುದಕ್ಕೆ ಇದನ್ನು ಹೇಳಿದೆ. ಊಟದ ಹೊತ್ತಿಗೆ ನನ್ನ ಡಬ್ಬಿಗೆ ತನ್ನ ಸೊಪ್ಪಿನ ಸಾರು ಬಗ್ಗಿಸದೆ ಒಂದು ದಿನವೂ ಅವಳು ತಿಂದದ್ದಿಲ್ಲ.

ಸಿಕ್ಕಿಬಿದ್ದದ್ದು ಕ್ಯಾಪಿನಿಂದ. ಹಲ್ಲಿನ ಕ್ಯಾಪು ಮಾಡಿಕೊಡುವ ಲ್ಯಾಬು ಬೆಂಗಳೂರಿನದು. ಅವರಿಗೆ ಡಾಕ್ಟರು ನೇರವಾಗಿ ದುಡ್ಡು ಕಟ್ಟುತ್ತಿದ್ದರು, ಅದು ನನ್ನ ಕೈ ದಾಟಿ ಹೋಗುತ್ತಿರಲಿಲ್ಲ. ಒಂದು ಮಾರ್ಚಿನಲ್ಲಿ ತೆರಿಗೆ ಲೆಕ್ಕ ನೋಡಲು ಕೂತ ಅವರ ಹೆಂಡತಿಯ ತಮ್ಮ, ಲ್ಯಾಬಿಗೆ ಕಟ್ಟಿದ್ದಕ್ಕೆ ಹೋಲಿಸಿದರೆ ಕ್ಯಾಪಿನಿಂದ ಬಂದದ್ದು ತೀರಾ ಕಡಿಮೆ ಇದ್ದುದನ್ನು ಕಂಡು ತಲೆ ಎತ್ತಿ, "ಏನ್ ಭಾವ, ತಾಲ್ಲೂಕಿಗೆಲ್ಲ ಧರ್ಮಕ್ಕೆ ಹಲ್ಲು ಕಟ್ಟುಸ್ಕೊಡ್ತಿದ್ದೀರಾ?" ಅಂದರು. ತಮಾಷೆಗೇ ಅಂದದ್ದು. ಡಾಕ್ಟರೂ ನಕ್ಕರು. ನಾನು ಪಕ್ಕದಲ್ಲೇ ಕಾಫಿ ಲೋಟ ಇಡುತ್ತಿದ್ದೆ. ಅವರ ನಗು ನಿಧಾನಕ್ಕೆ ನಿಂತದ್ದನ್ನು ನೋಡಿದೆ.

ಮಾರನೆಯ ದಿನ ನಮ್ಮಿಬ್ಬರನ್ನೂ ಕರೆದು ಕೂರಿಸಿದರು. ನಮ್ಮನ್ನು ನೋಡದೆ, ಕಿಟಕಿ ನೋಡುತ್ತಾ ಮಾತಾಡಿದರು. "ದುಡ್ಡು ಎಲ್ಲೋ ಸೋರ್ತಾ ಇದೆ. ನಿಮ್ಮಿಬ್ರ ಮೇಲೂ ನಂಗೆ ಅನುಮಾನ ಇಲ್ಲ. ಆದ್ರೆ ಡ್ರಾಯರ್ ಕೀ ಇರೋದು ನಿಮ್ಮಿಬ್ರತ್ರಾನೇ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿಕೊಳ್ಳಲಿಲ್ಲ, ಅಷ್ಟು ಪಳಗಿದ್ದೆ. ಮುಟ್ಟಿಕೊಂಡವಳು ಗೌರಕ್ಕ. ಅವಳ ಕಣ್ಣಲ್ಲಿ ನೀರು ಬಂತು, ಮಾತು ತೊದಲಿತು. ನೋಡುವವರಿಗೆ ಯಾರು ಕಳ್ಳಿ ಅನ್ನಿಸುತ್ತೆ, ನೀವೇ ಹೇಳಿ.

ಡಾಕ್ಟರು ಹತ್ತು ರೋಗಿಗಳಿಗೆ ಫೋನ್ ಮಾಡಿ, ನೀವೆಷ್ಟು ಕೊಟ್ಟಿರಿ ಅಂತ ಕೇಳಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಅವರು ಕೇಳಲಿಲ್ಲ. ಊರಿನವರಿಗೆ ಫೋನ್ ಮಾಡಿ ದುಡ್ಡಿನ ಮಾತಾಡುವುದೇ? ಪೊಲೀಸರ ಹತ್ತಿರ ಹೋಗಲಿಲ್ಲ; ಹೆಣ್ಣುಮಕ್ಕಳ ಬಾಳು ಹಾಳಾಗುತ್ತೆ ಅಂದರು. ಆಗ ಅವರ ತಾಯಿ ಹೇಳಿದರಂತೆ: "ಅಪ್ಪನ್ನ ಕರ್ಸು. ಗಳಿಗೇಲಿ ಗೊತ್ತಾಯ್ತದೆ. ಯಾರ ಮನ್ಸೂ ನೋಯಾದಿಲ್ಲ."

ಅಪ್ಪ ಅಂದರೆ ದೇವರ ಬಸವ. ನಮ್ಮ ಸೀಮೆಯವರಿಗೆ ಹೇಳಬೇಕಿಲ್ಲ. ಹೊರಗಿನವರು ತಿಳಿಯಲಿ ಅಂತ ಹೇಳುತ್ತೇನೆ — ದೇವಸ್ಥಾನಕ್ಕೆ ಬಿಟ್ಟ ಎತ್ತು ಅದು. ಒಡವೆ ಕಳೆದವರು, ಜಮೀನಿನ ಬದುವಿಗೆ ಜಗಳವಾಡಿದವರು, ಅಣ್ಣತಮ್ಮಂದಿರ ವ್ಯಾಜ್ಯದವರು ಅದನ್ನು ಮನೆಗೆ ಕರೆಸುತ್ತಾರೆ. ಅದು ಬಂದು ತಪ್ಪಿತಸ್ಥರ ಎದುರು ನಿಲ್ಲುತ್ತದೆ. ಪೂಜಾರಿ ನೆಲದ ಮೇಲೆ ಅಂಗೈ ಚಾಚಿ, "ಇವರೇ ಏನಪ್ಪಾ?" ಅಂತ ಕೇಳಿದರೆ, ಹೌದಾದರೆ ಅಂಗೈ ಮೇಲೆ ಪಾದ ಇಡುತ್ತದೆ. ಕೋರ್ಟಿನ ಮೇಲೆ ಕೋರ್ಟುಂಟು. ಬಸವಪ್ಪನ ಮೇಲೆ ಇನ್ನೊಂದಿಲ್ಲ.

ಸುದ್ದಿ ಕೇಳಿದಾಗ ಗೌರಕ್ಕನ ಮುಖ ಅರಳಿತು. "ಒಳ್ಳೇದೇ ಆಯ್ತು ಕಣ್ ಮಗ. ಅಪ್ಪ ಬಂದೋದ್ರೆ ನಮ್ಮಿಬ್ರ ಮೇಲಿನ ಅಪ್ವಾದಾನೂ ಕಳ್ದೋಯ್ತದೆ. ನೀನೂ ತಲೆಗ್ ನೀರಾಕ್ಕೊಂಡ್ ಬಾ" ಅಂದಳು. ನಮ್ಮಿಬ್ಬರ ಮೇಲಿನ ಅಂದಳು. ಅವಳು ನನ್ನನ್ನೂ ಸೇರಿಸಿಕೊಂಡಿದ್ದಳು.

ನಾನು ನಂಬುವವಳು. ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಸವಪ್ಪ ಬಂದರೆ ನನ್ನ ಎದುರೇ ನಿಲ್ಲುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ನಂಬದವಳಾಗಿದ್ದರೆ ಸುಮ್ಮನಿರುತ್ತಿದ್ದೆ, ಎತ್ತು ಎಲ್ಲಿ ನಿಂತರೇನು ಅಂತ. ನಂಬಿದ್ದರಿಂದಲೇ — ದೇವರು ನನ್ನನ್ನು ಹಿಡಿಯುತ್ತಾನೆ ಅಂತ ಖಾತ್ರಿ ಇದ್ದದ್ದರಿಂದಲೇ — ದೇವರಿಗೇ ಮೋಸ ಮಾಡಲು ಹೊರಟೆ. ಇಂಥ ಭಕ್ತಿಗೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ನನ್ನ ತವರಿನಲ್ಲಿ ನನ್ನ ತಂದೆಯ ಬಳಿ ಜೋಡೆತ್ತುಗಳಿದ್ದವು. ಎತ್ತು ಬೆಲ್ಲಕ್ಕೆ ಹೇಗೆ ಮೂಗು ಚಾಚುತ್ತದೆ ಅಂತ ಚಿಕ್ಕಂದಿನಿಂದ ನೋಡಿದ್ದೆ. ಬಸವಪ್ಪ ಬರುವ ಸೋಮವಾರ ಬೆಳಿಗ್ಗೆ ಪೂಜೆಗೆ ತಂದ ಹಣ್ಣುಕಾಯಿ ಜೋಡಿಸುವ ಕೆಲಸ ನನ್ನದು. ತಟ್ಟೆಯಲ್ಲಿದ್ದ ಅಚ್ಚುಬೆಲ್ಲದಲ್ಲಿ ಒಂದನ್ನು ಜಜ್ಜಿದೆ. ಉಪಕರಣ ಬೇಯಿಸುವ ಕೋಣೆಯ ಬಾಗಿಲ ಹಿಂದೆ ಗೌರಕ್ಕನ ಹಸಿರು ಕೋಟು ನೇತಾಡುತ್ತಿತ್ತು. ಅವಳು ಹೊರಗೆ ಹೊಸಿಲು ತೊಳೆದು ರಂಗೋಲಿ ಬಿಡುತ್ತಿದ್ದಳು, ಬಳೆ ಸದ್ದು ಕೇಳುತ್ತಿತ್ತು. ಕೋಟಿನ ಜೇಬಿಗೆ ಬೆಲ್ಲದ ಪುಡಿ ಸುರಿದೆ, ಒಸಿ ಹುರಿಗಡಲೆ ಸೇರಿಸಿದೆ, ಉಳಿದದ್ದನ್ನು ಜೇಬಿನ ಅಂಚಿಗೆ ತೀಡಿದೆ. ಆಮೇಲೆ ನನ್ನ ಕೈಗೆ ಸ್ಪಿರಿಟ್ ಹಾಕಿ ಉಜ್ಜಿಕೊಂಡೆ. ನನ್ನ ಕೋಟಿಗೆ ಲವಂಗದ ಎಣ್ಣೆ ಚಿಮುಕಿಸಿಕೊಂಡೆ, ನನ್ನ ಕಡೆಯಿಂದ ಔಷಧಿಯ ಘಾಟು ಬರಲಿ ಅಂತ. ಎಷ್ಟು ಶಾಂತವಾಗಿ ಮಾಡಿದೆ! ಕೈ ನಡುಗಲಿಲ್ಲ. ನಡುಗಿತ್ತು ಅಂತ ಸುಳ್ಳು ಬರೆಯಬೇಕೆನ್ನಿಸುತ್ತದೆ. ನಡುಗಲಿಲ್ಲ.

ಟೈಲ್ಸಿನ ನೆಲದಲ್ಲಿ ಅಪ್ಪ ಜಾರಬಾರದೆಂದು ಬಾಗಿಲಿಂದ ಒಳಗಿನವರೆಗೆ ಗೋಣಿತಾಟು ಹಾಸಿದ್ದರು. ರೋಗಿಗಳು ಕೂರುವ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಡಾಕ್ಟರ ತಾಯಿ ಪಾದಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿದರು. ಆಮೇಲೆ ಗೆಜ್ಜೆಯ ಸದ್ದು ಒಳಕ್ಕೆ ಬಂತು. ಅಷ್ಟು ದೊಡ್ಡ ಮೈ, ಬೆನ್ನ ಮೇಲೆ ರೇಷ್ಮೆಯ ಹೊದಿಕೆ, ಕೊಂಬಿಗೆ ಹಿತ್ತಾಳೆಯ ಕಳಶ. ಬಾಗಿಲ ಬೆಳಕೆಲ್ಲ ಮುಚ್ಚಿಹೋಯಿತು. ದಿನಾ ಹಲ್ಲುನೋವಿನವರು ಕೆನ್ನೆ ಹಿಡಿದು ಕೂರುವ ಜಾಗದಲ್ಲಿ ಅದರ ಉಸಿರು ಒಂದೇ ಕೇಳುತ್ತಿತ್ತು. ರಸ್ತೆಯಲ್ಲಿ ಜನ ಸೇರಿದ್ದರು.

ನಾವಿಬ್ಬರೂ ಕೋಟು ತೊಟ್ಟು, ಗೋಡೆಗೆ ಬೆನ್ನು ಕೊಟ್ಟು ಕೈ ಮುಗಿದು ನಿಂತಿದ್ದೆವು. ಅದು ಡಾಕ್ಟರನ್ನು ದಾಟಿತು. ಅವರ ಭಾವಮೈದುನನನ್ನು ದಾಟಿತು. ಬಂದು ನನ್ನ ಎದುರು ನಿಂತಿತು.

ನಿಂತಿತು. ಇದನ್ನು ಈವರೆಗೂ ಯಾರಿಗೂ ಹೇಳಿಲ್ಲ. ಅದರ ಬಿಸಿ ಉಸಿರು ನನ್ನ ಮುಗಿದ ಕೈಗಳ ಮೇಲೆ ಬಿತ್ತು. ಆ ಕಣ್ಣು ಒದ್ದೆಯಾಗಿ, ದೊಡ್ಡದಾಗಿ, ನನ್ನನ್ನೇ — ಎಷ್ಟು ಹೊತ್ತು ಅಂತ ಹೇಳಲಾರೆ. ಆಗ ಒಂದು ಮಾತು ಅಂದಿದ್ದರೆ ಸಾಕಿತ್ತು. "ನಾನೇ" ಅಂತ ಒಂದು ಮಾತು. ನಾನು ಕಣ್ಣು ಮುಚ್ಚಿಕೊಂಡೆ. ಮತ್ತೆ ತೆಗೆದಾಗ ಅದು ಪಕ್ಕಕ್ಕೆ ತಿರುಗಿತ್ತು. ಮೂತಿ ಗೌರಕ್ಕನ ಕೋಟಿನ ಜೇಬಿಗೆ ಹತ್ತಿತ್ತು. ಮೂಸಿತು, ತಲೆ ಒತ್ತಿತು, ಅಲ್ಲಿಂದ ಕದಲಲಿಲ್ಲ.

"ಅಪ್ಪ ನಿಂತ" ಅಂದ ಪೂಜಾರಿ. ಕೂತು ಅಂಗೈ ಚಾಚಿದ. "ಇವ್ಳೇ ಏನಪ್ಪಾ?"

ಬಸವಪ್ಪ ಪಾದ ಇಟ್ಟ.

ಗೌರಕ್ಕ ಜೇಬಿಗೆ ಕೈ ಹಾಕಿದಳು. ಯಾಕೆ ಒತ್ತುತ್ತಿದೆ ಅಂತ ತಿಳಿಯದೆ ಹಾಕಿದ್ದಿರಬೇಕು. ಒಳಗೆ ಅವಳ ಬೆರಳು ನಿಂತಿತು. ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದಳು. ಕೋಪವಿರಲಿಲ್ಲ. ಹಲ್ಲು ಕೀಳಿಸಿಕೊಳ್ಳುವವರನ್ನು ನೋಡುತ್ತಿದ್ದಳಲ್ಲ, ಹಾಗೆ ನೋಡಿದಳು. ಈಗ ಕೂಗುತ್ತಾಳೆ, ಈಗ ಎಲ್ಲರಿಗೂ ಬೆಲ್ಲ ತೋರಿಸುತ್ತಾಳೆ ಅಂತ ನಾನು ಕಾದೆ. ಅವಳು ಮುಷ್ಟಿ ಬಿಗಿಹಿಡಿದು ಕೈ ಹೊರಗೆ ತೆಗೆದಳು. ಸೆರಗಿನ ಮರೆಗೆ ಸರಿಸಿಕೊಂಡಳು.

"ಏನಾದ್ರೂ ಹೇಳಮ್ಮ ಗೌರಮ್ಮ" ಅಂದರು ಡಾಕ್ಟರು.

"ಅಪ್ಪನೇ ಯೋಳದ್ಮೇಲೆ ನಾನ್ ಯೋಳಾದ್ ಏನೈತೆ ಸಾಮಿ" ಅಂದಳು. ಕೋಟು ಬಿಚ್ಚಿ ಮಡಿಸಿ ಮೇಜಿನ ಮೇಲೆ ಇಟ್ಟಳು. ಬೀಗದ ಕೈ ಅದರ ಮೇಲಿಟ್ಟಳು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಗೋಣಿತಾಟಿನ ಮೇಲೆ ಕಾಲಿಡದೆ, ಅಂಚಿನ ಟೈಲ್ಸಿನ ಮೇಲೇ ನಡೆದು ಹೊರಗೆ ಹೋದಳು.

ಆವತ್ತಿನಿಂದ ನಾನು ಕದಿಯಲಿಲ್ಲ. ಪಶ್ಚಾತ್ತಾಪದಿಂದಲ್ಲ, ಭಯದಿಂದ. ಇದರಿಂದ ಆದದ್ದೇನು ಗೊತ್ತೆ? ಮೂರು ತಿಂಗಳಲ್ಲಿ ಲೆಕ್ಕ ಸರಿಹೋಯಿತು. "ನೋಡ್ದಾ, ಅವ್ಳು ಹೋದ್ಮೇಲೆ ಸೋರೋದು ನಿಂತೋಯ್ತು" ಅಂದರು ಡಾಕ್ಟರು. ಅಲ್ಲಿಯವರೆಗೆ ಅವರ ಮನಸ್ಸಿನ ಮೂಲೆಯಲ್ಲಿ ಗೌರಕ್ಕನ ಪರ ಒಂದು ಅಳುಕು ಉಳಿದಿತ್ತು. ನನ್ನ ಪ್ರಾಮಾಣಿಕತೆ ಅದನ್ನೂ ಅಳಿಸಿತು. ನಾನು ಕದಿಯುತ್ತಲೇ ಹೋಗಿದ್ದರೆ ಅವಳ ಹೆಸರು ಉಳಿಯುತ್ತಿತ್ತು.

ಊರಿನ ಹೆಂಗಸರು ಅವಳ ಮನೆಗೆ ಹೋಗಿ ಸಂಘದ ಪೆಟ್ಟಿಗೆ ಎತ್ತಿಕೊಂಡು ಬಂದರಂತೆ. ಅದರಲ್ಲಿ ಒಂದು ರೂಪಾಯಿಯೂ ಕಡಿಮೆ ಇರಲಿಲ್ಲವಂತೆ. ಆದರೂ ಎತ್ತಿಕೊಂಡು ಬಂದರು. "ಬಸವಪ್ಪ ಹಿಡ್ದೋಳು" — ಅವಳಿಗೆ ಅದೇ ಹೆಸರಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅವಳದ್ದು ಅಡಿಕೆಗೂ ಹೋದದ್ದಲ್ಲ. ಚನ್ನಪಟ್ಟಣದಲ್ಲಿ ಯಾರೂ ಕೆಲಸ ಕೊಡದೆ, ರಾಮನಗರದಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಡೆ ಸೇರಿಕೊಂಡಳು ಅಂತ ರೋಗಿಯೊಬ್ಬರ ಬಾಯಲ್ಲಿ ಕೇಳಿದೆ. ಕೇಳಿ, ಮುಂದಿನವರ ಸರದಿ ಕರೆದೆ.

ನನಗೇನಾಯಿತು? ಏನೂ ಆಗಲಿಲ್ಲ. ಕೈ ಬಿದ್ದುಹೋಗುತ್ತದೆ, ಬಾಯಿ ತಿರುಗುತ್ತದೆ, ಮಕ್ಕಳಿಗೆ ಏನಾದರೂ — ಅಂತ ದಿನ ದಿನವೂ ಕಾದೆ. ರಸ್ತೆಯಲ್ಲಿ ಗೆಜ್ಜೆ ಸದ್ದು ಕೇಳಿದರೆ ಬರೆಯುತ್ತಿದ್ದ ಪೆನ್ನು ನಿಲ್ಲುತ್ತಿತ್ತು. ಏನೂ ಆಗಲಿಲ್ಲ. ಸಂಬಳ ಹೆಚ್ಚಾಯಿತು. ಡಾಕ್ಟರು ರಾಮನಗರದಲ್ಲಿ ಇನ್ನೊಂದು, ಕನಕಪುರದಲ್ಲಿ ಮತ್ತೊಂದು ಕ್ಲಿನಿಕ್ಕು ತೆಗೆದರು. ಮೂರಕ್ಕೂ ನಾನೇ ಮ್ಯಾನೇಜರು. ಇನ್ನೊಮ್ಮೆ ಕಳ್ಳತನ ಆಗದಂತೆ ನೋಡಿಕೋ ಅಂದರು. ನೋಡಿಕೊಂಡೆ. ತಾನು ಕಳ್ಳ ಪರರ ನಂಬ. ಬಿಲ್ಲು ಬರೆಯುವವರು ದುಡ್ಡು ಮುಟ್ಟುವಂತಿಲ್ಲ. ಡಾಕ್ಟರು ಕೈಯಾರೆ ಬರೆದುಕೊಟ್ಟರೆ ಮಾತ್ರ ರಿಯಾಯಿತಿ. ಕೊಟ್ಟ ದುಡ್ಡೆಷ್ಟು ಅಂತ ರೋಗಿಯ ಫೋನಿಗೆ ಆಗಲೇ ಮೆಸೇಜು. ಲ್ಯಾಬಿನಿಂದ ಬಂದ ಕ್ಯಾಪಿಗೂ ಬಾಯಿಗೆ ಕೂತ ಕ್ಯಾಪಿಗೂ ತಿಂಗಳಿಗೊಮ್ಮೆ ತಾಳೆ. ವರ್ಷಕ್ಕೊಮ್ಮೆ ಎಲ್ಲರಿಗೂ ಕಡ್ಡಾಯ ರಜೆ. ಮಾಗಡಿಯಿಂದ ಬಂದ ಒಬ್ಬ ಡಾಕ್ಟರು, "ಇಷ್ಟೆಲ್ಲಾ ಹೆಂಗಮ್ಮಾ ಹೊಳೀತು ನಿಂಗೆ?" ಅಂತ ಬೆರಗಾದರು. "ರಜೆಯನ್ನೇ ಹಾಕದ ಹುಡುಗಿಯನ್ನ ಮಾತ್ರ ನಂಬಬೇಡಿ ಸರ್" ಅಂದೆ. ಅವರು ಬರೆದುಕೊಂಡರು.

ಗೌರಕ್ಕ ನನಗೆ ಒಂದೇ ಒಂದು ಸಲ ಸಿಕ್ಕಿದಳು. ಕೆಲವು ವರ್ಷಗಳ ಕೆಳಗೆ, ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ. ನೋಡಿಯೂ ನೋಡದಂತೆ ದಾಟಿಬಿಡೋಣ ಅಂತಿದ್ದೆ, ಅವಳೇ, "ಸವಿತಾ" ಅಂತ ಕೂಗಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ಮಕ್ಕಳು ಹೇಗಿದ್ದಾರೆ, ಗಂಡನ ಬೆನ್ನುನೋವು ಹೇಗಿದೆ, ಎಲ್ಲಾ ಕೇಳಿದಳು. ಆಮೇಲೆ, ಸಾರಿಗೆ ಉಪ್ಪು ಕಮ್ಮಿ ಅನ್ನುವಷ್ಟೇ ಸಲೀಸಾಗಿ ಅಂದಳು:

"ಬೆಲ್ಲ ನೀನಿಟ್ಟಿದ್ದು ಅಂತ ಗೊತ್ತಿತ್ತು ಕಣ್ ಮಗ."

"ಯಾಕಕ್ಕ ಆವತ್ತೇ ಹೇಳಲಿಲ್ಲ?" ಅಂದೆ.

"ಎಂಗ್ ಯೋಳ್ಲಿ? ಅಷ್ಟು ಜನದ್ ಮುಂದೆ, ಅಪ್ಪ ಬೆಲ್ಲದಾಸೆಗ್ ಬಂದ ಅಂತ ನನ್ ಬಾಯಲ್ ಯೋಳ್ಲಾ? ಎಷ್ಟ್ ಜನ ಕಷ್ಟ ಅಂತ ಅವ್ನತ್ರ ಓಯ್ತಾರೆ. ನಾಳಿಂದ ಯಾರ್ ನಂಬಾರು?"

"ಆ ಬೆಲ್ಲ…"

"ತಿಂದ್ಬುಟ್ಟೆ. ಅಪ್ಪನ ಮೂತಿ ಮುಟ್ಟಿದ್ದು, ಬಿಸಾಕಕ್ಕಾಯ್ತದಾ?" ಒಸಿ ನಕ್ಕಳು. ಮತ್ತೆ ದನಿ ತಗ್ಗಿಸಿದಳು. "ಅವ್ನ್ ಮೊದ್ಲು ನಿಂತಿದ್ದು ನಿನ್ ಮುಂದ್ಲೇ. ನಾನ್ ನೋಡ್ದೆ. ಅವ್ನಿಗ್ ಗೊತ್ತು, ನಂಗೊತ್ತು, ನಿಂಗೊತ್ತು. ಸಾಕು. ಇದ್ನ ಯಾರಿಗೂ ಯೋಳ್ಬ್ಯಾಡ."

ಬಸ್ಸು ಬಂತು, ಹತ್ತಿ ಹೋದಳು.

ಈಗ ಬರೆಯುವುದೇ ಎಲ್ಲಕ್ಕಿಂತ ಕಷ್ಟದ್ದು. ಅವಳು ಯಾರಿಗೂ ಹೇಳಬೇಡ ಅಂದಾಗ ನನಗಾದದ್ದು ದುಃಖವಲ್ಲ. ಸಮಾಧಾನ. ಆವತ್ತು ಮನೆಗೆ ಹೋಗಿ ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬ ಉಂಡೆ. ಅವಳೇ ಬೇಡ ಅಂದಿದ್ದಾಳಲ್ಲ — ಆ ಮಾತನ್ನು ಹೊದ್ದು ಮಲಗಿದೆ. ಅವಳ ಕೆಲಸ ತೆಗೆದೆ, ಹೆಸರು ತೆಗೆದೆ, ಕೊನೆಗೆ ಅವಳ ಭಕ್ತಿಯನ್ನೂ ನನ್ನ ಅನುಕೂಲಕ್ಕೆ ಬಳಸಿಕೊಂಡೆ.

ಹಾಗೇ ಸಾಯುವವರೆಗೂ ಇದ್ದುಬಿಡುತ್ತಿದ್ದೆನೇನೋ. ಹೋದ ವಾರ ರಾಮನಗರದ ಕ್ಲಿನಿಕ್ಕಿಗೆ ಲೆಕ್ಕ ನೋಡುವ ಕೆಲಸ ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ಬಿ.ಕಾಂ. ಮುಗಿಸಿದ್ದಾಳೆ. ಒಳಗೆ ಬಂದ ಕೂಡಲೇ ಆ ಹಣೆ, ಆ ಹುಬ್ಬು ನೋಡಿ ಗೊತ್ತಾಯಿತು. ಕೂತುಕೊಳ್ಳುವ ಮೊದಲೇ ಅವಳು, "ಮೇಡಂ, ನಾನು ಗೌರಮ್ಮನ ಮಗಳು ಚೈತ್ರ. ಆಮೇಲೆ ಗೊತ್ತಾಗೋದು ಬೇಡ ಅಂತ ಈಗ್ಲೇ ಹೇಳ್ತಿದ್ದೀನಿ" ಅಂದಳು.

ನಾನು ತಲೆಯಾಡಿಸಿದೆ.

"ನಮ್ಮವ್ವ ಮಾಡಿದ್ದು ನಂಗೊತ್ತು ಮೇಡಂ. ಇಂಥಾ ಕಡೆ ಕೆಲ್ಸ ಕೇಳೋಕೆ ಮುಖ ಇಲ್ಲ. ಆದ್ರೆ ದುಡ್ಡು ತಗೊಂಡೋಳು ನಮ್ಮವ್ವ, ನಾನಲ್ಲ. ಒಂದು ತಿಂಗ್ಳು ಸಂಬಳ ಕೊಡ್ಬೇಡಿ, ನನ್ನ ನೋಡಿ ಆಮೇಲೆ ಇಟ್ಕೊಳ್ಳಿ."

"ತಾನೇ ತಗೊಂಡೆ ಅಂತ ನಿಮ್ಮವ್ವ ಹೇಳಿದ್ಲಾ?" ಅಂದೆ.

"ಇಲ್ಲ. ತಗೊಂಡಿಲ್ಲ ಅಂತಾನೂ ಹೇಳ್ಲಿಲ್ಲ. ಸ್ಕೂಲಲ್ಲಿ ಎಲ್ರೂ ಆಡ್ಕೊಂಡು ನಗೋರು. ಅಳ್ತಾ ಬಂದು ಕೇಳಿದ್ರೆ, ಬಸವಪ್ಪಂಗ್ ಗೊತ್ತು ಬುಡು ಅನ್ನೋಳು. ತಪ್ಪು ಮಾಡಿಲ್ದಿದ್ರೆ ಹೆತ್ತ ಮಗಳ ಹತ್ರ ಒಂದು ಮಾತು ಹೇಳಕ್ಕಾಗಲ್ವಾ ಮೇಡಂ? ಅದ್ಕೇ ನಾನು ಈಗ ಅವಳ ಜೊತೆ ಜಾಸ್ತಿ ಮಾತಾಡಲ್ಲ."

ಅಲ್ಲಿಯೇ ಹೇಳಬಹುದಿತ್ತು. ಕೋಣೆಯಲ್ಲಿದ್ದದ್ದು ನಾವಿಬ್ಬರೇ. ಬಾಯಿ ತೆರೆದೆ. "ಫೋನ್ ಮಾಡ್ತೀನಮ್ಮ" ಅಂದೆ. ಆ ಮಗು ನನಗೆ ಕೈ ಮುಗಿದು ಹೋಯಿತು.

ನಿನ್ನೆ ಡಾಕ್ಟರಿಗೆ ಎಲ್ಲಾ ಹೇಳಿದೆ. ಆವತ್ತಿನಂತೆಯೇ ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಈಗ್ಯಾಕೆ ಸವಿತಾ? ಬಸವಪ್ಪನ್ನ ಕರೆಸಿದ ನಮ್ಮಮ್ಮ ಇನ್ನೂ ಬದುಕಿದ್ದಾರೆ. ಅವರ ಮುಖ ಏನಾಗ್ಬೇಕು? ನೀನು ಕೆಲಸ ಬಿಟ್ಟು ಹೋಗು, ಸುಮ್ನೆ ಹೋಗು. ಆ ಹುಡುಗಿಗೆ ನಾನು ಬೇರೆ ಕಡೆ ಏನಾದ್ರೂ ನೋಡ್ತೀನಿ" ಅಂದರು. ಗೌರಕ್ಕ ದೇವರಿಗೋಸ್ಕರ ಬೇಡ ಅಂದಳು, ಡಾಕ್ಟರು ತಾಯಿಗೋಸ್ಕರ ಬೇಡ ಅನ್ನುತ್ತಾರೆ, ನನ್ನ ಗಂಡನಿಗೆ ಹೇಳಿದರೆ ಮಕ್ಕಳಿಗೋಸ್ಕರ ಬೇಡ ಅಂತಾನೆ. ಬೇಕು ಅನ್ನಬೇಕಾದವಳು ಚೈತ್ರ ಒಬ್ಬಳೇ. ಅವಳಿಗೆ ಏನನ್ನು ಕೇಳಬೇಕು ಅಂತಲೇ ಗೊತ್ತಿಲ್ಲ.

ಭಾನುವಾರ ಗೌರಕ್ಕನ ಊರಿಗೆ ಹೋಗುತ್ತೇನೆ. ಮೊದಲು ಚೈತ್ರಳಿಗೆ, ಅವಳ ತಾಯಿಯ ಎದುರಿಗೇ. ಆಮೇಲೆ ಸಂಘದ ಹೆಂಗಸರಿಗೆ. ಕೇಸು ಹಾಕುವವರು ಹಾಕಲಿ, ಉಗಿಯುವವರು ಉಗಿಯಲಿ. ಕ್ಷಮಿಸಿ ಅನ್ನುವ ಮಾತನ್ನು ಆಡಬಾರದು ಅಂತ ನಿರ್ಧರಿಸಿದ್ದೇನೆ. ಅದನ್ನು ಆಡಿದರೆ ಗೌರಕ್ಕ ಕ್ಷಮಿಸಿಬಿಡುತ್ತಾಳೆ.

ಆ ಹುಡುಗಿ ನನ್ನನ್ನು ಬಾಗಿಲಿಂದಾಚೆ ತಳ್ಳಬೇಕು. ತಳ್ಳಿದರೆ ತಡೆದುಕೊಳ್ಳುತ್ತೇನೆ. ಬಿಸಿಲಲ್ಲಿ ಬಂದಿದ್ದಾಳೆ ಅಂತ ಗೌರಕ್ಕ ಒಳಗಿಂದ ಒಂದು ಲೋಟ ನೀರು ತಂದುಕೊಟ್ಟರೆ ಏನು ಮಾಡಲಿ, ಅದೊಂದೇ ಭಯ.